ಕರೆದವರು ನಾವೇ

ಕನ್ನಡದಲ್ಲಿ ‘ಕಾಟ’ ಎಂಬ ಒಂದು ಮಾತಿದೆ. ದೆವ್ವದ ಕಾಟ, ಸಾಲದ ಕಾಟ, ನೆಂಟರ ಕಾಟ ಎನ್ನುವಂತೆಯೇ ಇಲಿಯ ಕಾಟ, ಕೋತಿಯ ಕಾಟ ಎಂದೂ ನಾವು ಹೇಳುತ್ತೇವೆ. ಈ ಮಾತಿನಲ್ಲಿ ಒಂದು ಜಾಣತನ ಅಡಗಿದೆ. ಕಾಟ ಕೊಡುವವನು ಯಾವಾಗಲೂ ಇನ್ನೊಬ್ಬ. ಅದನ್ನು ಅನುಭವಿಸುವ ನಿರಪರಾಧಿಗಳು ಮಾತ್ರ ನಾವು. ‘ಕೋತಿಯ ಕಾಟ ಹೆಚ್ಚಾಯಿತು’ ಎಂದು ಹೇಳಿದೊಡನೆ ತಪ್ಪೆಲ್ಲ ಕೋತಿಯದಾಗಿ, ಅದು ನಮ್ಮ ಮಾಳಿಗೆಗೆ ಬರಲು ಕಾರಣವೇನಿರಬಹುದೆಂಬ ಪ್ರಶ್ನೆ ಹುಟ್ಟುವ ಮೊದಲೇ ಅಡಗಿಹೋಗುತ್ತದೆ. ನಾನು ಈಗ ಹೇಳಹೊರಟಿರುವುದು ಆ ಅಡಗಿಹೋದ ಪ್ರಶ್ನೆಯನ್ನು ಕುರಿತು.

ಮನುಷ್ಯನು ಮನೆ ಕಟ್ಟಲು ಕಲಿತಂದಿನಿಂದಲೂ ಆ ಮನೆಯಲ್ಲಿ ಅವನೊಬ್ಬನೇ ವಾಸವಾಗಿದ್ದುದಿಲ್ಲ. ಹೆಂಚಿನ ಸಂದಿನಲ್ಲಿ ಗುಬ್ಬಿ, ಅಟ್ಟದಲ್ಲಿ ಮರಬೆಕ್ಕು, ಕಣಜದ ಬುಡದಲ್ಲಿ ಇಲಿ, ಹಿತ್ತಲಿನ ಕಟ್ಟಿಗೆಯ ರಾಶಿಯಲ್ಲಿ ಹಾವು, ಹೀಗೆ ಬಾಡಿಗೆ ಕೊಡದ ಒಕ್ಕಲುಗಳು ಎಲ್ಲ ಕಾಲಕ್ಕೂ ಇದ್ದವು. ಹೆಂಚಿನ ಮನೆ ಹೋಗಿ ಸಿಮೆಂಟಿನ ಮನೆ ಬಂದಿತು. ಹಿತ್ತಲು ಹೋಗಿ ವಾಹನ ನಿಲ್ಲಿಸುವ ಜಾಗ ಬಂದಿತು. ಆದರೂ ಒಕ್ಕಲುಗಳು ಬಿಟ್ಟುಹೋಗಲಿಲ್ಲ. ಕೆಲವು ಮಾತ್ರ ಬದಲಾದವು. ಈಗ ಹತ್ತು ಅಂತಸ್ತಿನ ಕಟ್ಟಡದ ಅಂಚಿನಲ್ಲಿ ಹೆಜ್ಜೇನು ತೂಗುತ್ತದೆ, ಕಿಟಕಿಯ ಸಜ್ಜದ ಮೇಲೆ ಪಾರಿವಾಳ ಸಂಸಾರ ಹೂಡುತ್ತದೆ.

ಇವುಗಳ ವಿಷಯದಲ್ಲಿ ನಮಗೆ ತಿಳಿದಿರುವ ಉಪಾಯಗಳು ಮುಖ್ಯವಾಗಿ ಮೂರು: ಕೊಲ್ಲುವುದು, ಬೆದರಿಸಿ ಓಡಿಸುವುದು, ಹಿಡಿದು ದೂರದ ಕಾಡಿಗೆ ಬಿಟ್ಟುಬರುವುದು. ಮೊದಲನೆಯದನ್ನು ದಯಾವಂತರು ಒಪ್ಪುವುದಿಲ್ಲ. ಎರಡನೆಯದು ಎರಡು ದಿನದ ಮಾತು. ಪಟಾಕಿಯ ಸದ್ದಿಗೆ ಹೆದರಿದ ಕೋತಿ ಮೂರನೆಯ ದಿನ ಅದನ್ನು ಕೇಳುತ್ತಲೇ ಬಾಳೆಹಣ್ಣು ಸುಲಿಯುತ್ತದೆ. ಉಳಿದದ್ದು ಮೂರನೆಯದು. ಪ್ರಾಣಿಯೂ ಬದುಕಿತು, ನಾವೂ ನಿಶ್ಚಿಂತರಾದೆವು, ಪಾಪವೂ ತಟ್ಟಲಿಲ್ಲ ಎಂಬ ನೆಮ್ಮದಿ ಅದರಲ್ಲಿದೆ. ಆದ್ದರಿಂದಲೇ ಅದನ್ನು ಕೊಂಚ ನಿಧಾನವಾಗಿ ಪರೀಕ್ಷಿಸಿ ನೋಡಬೇಕಾಗಿದೆ.

‘ಕಾಡಿಗೆ ಬಿಟ್ಟರು’ ಎಂಬಲ್ಲಿಗೆ ನಮ್ಮ ಕಥೆ ಮುಗಿಯುತ್ತದೆ. ಪ್ರಾಣಿಯ ಕಥೆ ಅಲ್ಲಿಂದ ಮೊದಲಾಗುತ್ತದೆ. ಕಾಡು ಎಂದರೆ ಖಾಲಿ ಬಿದ್ದ ಛತ್ರವಲ್ಲ. ಅಲ್ಲಿಯ ಪ್ರತಿಯೊಂದು ಬಿಲಕ್ಕೂ ನೀರಿನ ತಾಣಕ್ಕೂ ಆಗಲೇ ವಾರಸುದಾರರು ಇರುತ್ತಾರೆ. ಹೊಸದಾಗಿ ಬಂದ ಹಾವಿಗೆ ಬೇಟೆ ಎಲ್ಲಿ ಸಿಗುವುದು, ಬಿಸಿಲೇರಿದಾಗ ತಂಪು ಎಲ್ಲಿ, ಶತ್ರು ಬಂದರೆ ಅಡಗುವುದೆಲ್ಲಿ ಎಂಬುದೊಂದೂ ತಿಳಿಯದು. ನಮ್ಮಲ್ಲಿ ಒಬ್ಬನನ್ನು ಕಣ್ಣುಕಟ್ಟಿ ಕರೆದೊಯ್ದು, ಭಾಷೆ ತಿಳಿಯದ ಊರಿನಲ್ಲಿ ಬರಿಗೈಯಲ್ಲಿ ಇಳಿಸಿ ಬಂದು, ‘ಅಲ್ಲಿಯೂ ಮನುಷ್ಯರೇ ಇದ್ದಾರಲ್ಲ, ಬದುಕಿಕೊಳ್ಳುತ್ತಾನೆ’ ಎಂದರೆ ಹೇಗಿರುತ್ತದೆಯೋ ಹಾಗೆ.

ಇದು ಕೇವಲ ಊಹೆಯಲ್ಲ. ನಮ್ಮ ಆಗುಂಬೆಯಲ್ಲಿ 2005ರಲ್ಲಿ ರಾಮ್ಯುಲಸ್ ವಿಟೇಕರ್ ಅವರು ಮಳೆಕಾಡಿನ ಅಧ್ಯಯನ ಕೇಂದ್ರವೊಂದನ್ನು ಸ್ಥಾಪಿಸಿದರು. ಅಲ್ಲಿ ಕಾಳಿಂಗಸರ್ಪಗಳ ದೇಹದಲ್ಲಿ ಪುಟ್ಟ ರೇಡಿಯೊ ಪ್ರೇಷಕಗಳನ್ನು ಅಳವಡಿಸಿ, ಅವು ಹೋದಲ್ಲೆಲ್ಲ ಹಿಂಬಾಲಿಸಿ ನೋಡಿದರು. ತನ್ನದೇ ನೆಲೆಯಲ್ಲಿದ್ದ ಗಂಡು ಕಾಳಿಂಗ ತಿಳಿದ ದಾರಿಗಳಲ್ಲಿಯೇ ಸುತ್ತಾಡಿಕೊಂಡಿತ್ತು. ಬೇರೆ ಕಡೆಯಿಂದ ತಂದುಬಿಟ್ಟ ಗಂಡಾದರೋ ಎಲ್ಲಿಯೂ ನೆಲೆ ನಿಲ್ಲದೆ, ಬಹುದೂರ ಸಾಗುತ್ತಲೇ ಹೋಯಿತು. ಹೀಗೆ ಅಲೆಯುವ ಹಾವು ದಾರಿಯಲ್ಲಿ ಇನ್ನಷ್ಟು ಮನೆಗಳನ್ನು ಹಾದುಹೋಗಲೇಬೇಕಲ್ಲವೆ? ಒಂದು ಅಂಗಳದ ಭಯವನ್ನು ಹತ್ತು ಅಂಗಳಗಳಿಗೆ ಹಂಚಿದಂತಾಯಿತು. ಹಾಂಕಾಂಗ್ ನಗರದಲ್ಲಿ ಮನೆಗಳಿಂದ ಹಿಡಿದು ದೂರ ಬಿಟ್ಟ ಹಸಿರು ಮಂಡಲದ ಹಾವುಗಳ ಅಧ್ಯಯನವೂ ಇದನ್ನೇ ಹೇಳಿತು: ಸ್ಥಳಾಂತರಗೊಂಡವು ತಮ್ಮ ನೆಲೆಯಲ್ಲಿಯೇ ಉಳಿದವುಗಳಿಗಿಂತ ಹೆಚ್ಚಾಗಿ ಸತ್ತವು.

ಹಾವಿನಿಂದ ಚಿರತೆಗೆ ಹೋದರೆ ಪಾಠ ಇನ್ನೂ ಕಠಿಣವಾಗುತ್ತದೆ. ಪುಣೆ ಜಿಲ್ಲೆಯ ಜುನ್ನರ್ ಸೀಮೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಹಳ್ಳಿಗಳ ಪಕ್ಕದಲ್ಲಿಯೇ ಬಾಳುತ್ತಿದ್ದವು. 2001ರಿಂದ ಮೊದಲುಗೊಂಡು ಅವುಗಳನ್ನು ಬೋನಿನಲ್ಲಿ ಹಿಡಿದು ದೂರದ ಕಾಡುಗಳಿಗೆ ಬಿಡುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಮನುಷ್ಯರಿಗೆ ಅಪಾಯ ಕಡಿಮೆಯಾಗಲೆಂಬುದೇ ಉದ್ದೇಶ. ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು ಆ ವರ್ಷಗಳ ಲೆಕ್ಕವನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ಚಿರತೆಯ ದಾಳಿಗಳು ಸ್ಥಳಾಂತರ ಮೊದಲಾದ ಮೇಲೆ ವರ್ಷಕ್ಕೆ 17ಕ್ಕೆ ಏರಿದ್ದವು. ಚಿರತೆಯನ್ನು ಬಿಟ್ಟ ಕಾಡಿನ ಸುತ್ತಲೂ, ಮೊದಲು ಅಂಥ ಸುದ್ದಿಯೇ ಇಲ್ಲದಿದ್ದ ಕಡೆಗಳಲ್ಲಿ, ಮನುಷ್ಯರ ಮೇಲೆ ದಾಳಿಗಳಾದವು. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸಕ್ಕೆ ಯಾರೋ ಪರಸ್ಥಳದವರು ಬೆಲೆ ತೆತ್ತರು.

ಇನ್ನು ಪ್ರಾಣಿ ಹೋದ ಜಾಗದ ಮಾತು. ಅದಾದರೂ ಖಾಲಿಯಾಗಿ ಉಳಿಯುತ್ತದೆಯೇ? ಇದಕ್ಕೆ ಉತ್ತರ ಹೇಳಬಲ್ಲ ಒಂದು ಅಚ್ಚುಕಟ್ಟಾದ ಲೆಕ್ಕ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಬಂದಿದೆ. ಅಷ್ಟು ದೂರ ಹೋಗಬೇಕೇ ಎನ್ನಬೇಡಿ. ಪಾರಿವಾಳ ಅಲ್ಲಿಯೂ ಇಲ್ಲಿಯೂ ಒಂದೇ. 1961ರಿಂದ 1985ರವರೆಗೆ ಆ ನಗರದಲ್ಲಿ ಸುಮಾರು 1,00,000 ಪಾರಿವಾಳಗಳನ್ನು ಕೊಂದರು. ಇಷ್ಟಾದರೂ ಊರಿನಲ್ಲಿದ್ದ ಪಾರಿವಾಳಗಳ ಸಂಖ್ಯೆ 20,000ದ ಆಸುಪಾಸಿನಲ್ಲಿಯೇ ನಿಂತಿತ್ತು. ಸತ್ತವುಗಳ ಸ್ಥಾನಕ್ಕೆ ಮರಿಗಳು ಬಂದವು. ಮರಿಗಳಿಗೆ ಕಾಳು ಸಿದ್ಧವಾಗಿತ್ತು. ಏಕೆಂದರೆ ಜನ ಪಾರಿವಾಳಗಳಿಗೆ ಕಾಳು ಹಾಕುವುದನ್ನು ಬಿಟ್ಟಿರಲಿಲ್ಲ. ಕಡೆಗೆ 1988ರಲ್ಲಿ ಬಂದೂಕನ್ನು ಬದಿಗಿಟ್ಟು, ಜನರನ್ನು ಕುರಿತು ಮಾತಾಡತೊಡಗಿದರು: ಕಾಳು ಹಾಕಬೇಡಿ, ನೀವು ಹಾಕುವ ಒಂದೊಂದು ಹಿಡಿಯೂ ಕಿಕ್ಕಿರಿದ ಗೂಡುಗಳಲ್ಲಿ ರೋಗವನ್ನು ಬೆಳೆಸುತ್ತದೆ ಎಂದು ತಿಳಿಹೇಳಿದರು. ನಾಲ್ಕು ವರ್ಷ ಕಳೆಯುವುದರಲ್ಲಿ ಪಾರಿವಾಳಗಳು ಅರ್ಧಕ್ಕೆ ಇಳಿದವು. ಕಾಲು ಶತಮಾನದ ಕೊಲೆಯಿಂದ ಆಗದ ಕೆಲಸ ಕೈಯಲ್ಲಿದ್ದ ಕಾಳಿನ ಚೀಲವನ್ನು ಕಟ್ಟಿಟ್ಟುದರಿಂದ ಆಯಿತು.

ಈ ದೃಷ್ಟಾಂತಗಳೆಲ್ಲ ಒಂದೇ ಮಾತಿಗೆ ಬಂದು ಸೇರುತ್ತವೆ. ‘ಈ ಪ್ರಾಣಿಯನ್ನು ಎಲ್ಲಿಗೆ ಕಳುಹಿಸೋಣ?’ ಎಂಬುದು ಎರಡನೆಯ ಪ್ರಶ್ನೆ. ‘ಇದನ್ನು ಇಲ್ಲಿಗೆ ಕರೆದದ್ದು ಯಾವುದು?’ ಎಂಬುದು ಮೊದಲನೆಯದು. ಕರೆಯುವ ಸಂಗತಿಗಳು ಬಹಳವಿಲ್ಲ: ಅನ್ನ, ಆಸರೆ, ಒಳಬರುವ ದಾರಿ. ಈ ಮೂರನ್ನು ಬಿಟ್ಟರೆ ನಮ್ಮ ಮನೆಯ ಮೇಲೆ ಯಾವ ಪ್ರಾಣಿಗೂ ವಿಶೇಷ ಮಮತೆಯಿಲ್ಲ.

ಹಾವನ್ನೇ ತೆಗೆದುಕೊಳ್ಳಿ. ಹಾವು ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಇಲಿಯನ್ನು, ಕಪ್ಪೆಯನ್ನು ಹುಡುಕಿಕೊಂಡು ಬರುತ್ತದೆ. ಇಲಿ ಬರುವುದು ಚೆಲ್ಲಿದ ಅನ್ನಕ್ಕೆ, ಕೋಳಿಗೆ ಹಾಕಿ ಮಿಕ್ಕ ಕಾಳಿಗೆ, ಬಾಗಿಲ ಬಳಿ ಕಟ್ಟಿಟ್ಟ ಕಸದ ಚೀಲಕ್ಕೆ. ಹೀಗೆ ನೋಡಿದರೆ ನಾಗರಹಾವಿಗೆ ಆಹ್ವಾನಪತ್ರಿಕೆ ಹೋಗುವುದು ನಮ್ಮ ಅಡುಗೆಮನೆಯಿಂದಲೇ. ಕಟ್ಟಿಗೆ, ಇಟ್ಟಿಗೆ, ಒಡೆದ ಹೆಂಚುಗಳನ್ನು ಗೋಡೆಗೆ ಒತ್ತಿ ಪೇರಿಸಿದರೆ ಉಳಿದುಕೊಳ್ಳಲು ಬಿಡಾರವೂ ಸಿದ್ಧ. ಅವುಗಳನ್ನು ಗೋಡೆಯಿಂದ ದೂರಕ್ಕೆ ಸರಿಸಿ, ಕಾಳನ್ನು ಭದ್ರವಾದ ಡಬ್ಬದಲ್ಲಿಟ್ಟು, ಬಚ್ಚಲ ತೂಬಿಗೆ ಜಾಲರಿ ಹಾಕಿ, ಬಾಗಿಲ ಕೆಳಗಿನ ಸಂದನ್ನು ಮುಚ್ಚಿದರೆ ಅರ್ಧ ಕೆಲಸ ಮುಗಿದಂತೆ. ಸುಂಡಿಲಿಗೆ ಒಳನುಗ್ಗಲು ನಮ್ಮ ಕಿರುಬೆರಳು ಹಿಡಿಸದಷ್ಟು ಸಣ್ಣ ತೂತು ಸಾಕು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಬೆಳ್ಳುಳ್ಳಿಯ ರಸ, ಕಾರ್ಬಾಲಿಕ್ ಆಮ್ಲ, ಈಶ್ವರಿ ಬೇರು ಇವುಗಳಿಂದ ಹಾವು ದೂರವಾಗುತ್ತದೆಂಬುದು ನಂಬಿಕೆಯ ಮಾತು. ಅವು ಹಾವನ್ನು ತಡೆಯುವುದಿಲ್ಲ. ನಮ್ಮ ಎಚ್ಚರವನ್ನು ಮಾತ್ರ ಸಡಿಲಿಸುತ್ತವೆ.

ಎಚ್ಚರ ಸಡಿಲವಾಗಬಾರದ ವಿಷಯವಿದು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರ ಸಂಖ್ಯೆ ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಇವರಲ್ಲಿ ಹೆಚ್ಚಿನವರು ಹಳ್ಳಿಗರು. 2024ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕವು ಹಾವಿನ ಕಡಿತವನ್ನು ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಲೇಬೇಕಾದ ಸಂಗತಿಯೆಂದು ಘೋಷಿಸಿತು. ಇಷ್ಟು ಸಾವುಗಳ ಎದುರಿಗೆ ನಿಂತು, ‘ಹಾವು ಪಾಪದ ಪ್ರಾಣಿ, ಏನೂ ಮಾಡುವುದಿಲ್ಲ’ ಎಂದು ಬೋಧಿಸುವುದು ದಯೆಯಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕೂ ಮನುಷ್ಯನ ನೆರೆಯಲ್ಲಿಯೇ ಬಾಳುವಂಥವು. ಕಟ್ಟುಹಾವು ರಾತ್ರಿಯ ಹೊತ್ತು ಮನೆಯೊಳಗೆ ಬಂದು, ನೆಲದ ಮೇಲೆ ಮಲಗಿದವರನ್ನು ನೋವೇ ತಿಳಿಯದಂತೆ ಕಚ್ಚಬಲ್ಲದು. ಮಂಚ, ಅಂಚನ್ನು ಹಾಸಿಗೆಯಡಿ ಮಡಿಚಿ ಸಿಕ್ಕಿಸಿದ ಸೊಳ್ಳೆಪರದೆ, ರಾತ್ರಿ ಹೊರಹೋಗುವಾಗ ಕೈಯಲ್ಲೊಂದು ದೀಪ, ಇವು ಎಷ್ಟೋ ಪ್ರಾಣಗಳನ್ನು ಉಳಿಸಬಲ್ಲ ಸಾಧನಗಳು. ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಹಾವು ಮನೆಯೊಳಗೇ ಬಂದಿದ್ದರೆ ಏನು ಮಾಡಬೇಕು? ದೂರ ನಿಂತು ಅದರ ಮೇಲೊಂದು ಕಣ್ಣಿಟ್ಟು, ಮಕ್ಕಳನ್ನೂ ನಾಯಿಯನ್ನೂ ಹೊರಗೆ ಕಳುಹಿಸಿ, ಅರಣ್ಯ ಇಲಾಖೆಗೋ ಬಲ್ಲವರಿಗೋ ತಿಳಿಸಬೇಕು. ಕೋಲು ಹಿಡಿದು ಹೊಡೆಯಹೋದವನಿಗೇ ಕಡಿತದ ಅಪಾಯ ಹೆಚ್ಚು. ಹಿಡಿದ ಹಾವನ್ನು ಬಹುದೂರ ಒಯ್ಯದೆ, ಅದಕ್ಕೆ ಪರಿಚಿತವಾದ ನೆಲೆಯ ಆಸುಪಾಸಿನಲ್ಲಿಯೇ ಸುರಕ್ಷಿತವಾದ ಕಡೆ ಬಿಡುವುದು ಅದಕ್ಕೆ ಬದುಕುವ ಅವಕಾಶ ಕೊಟ್ಟಂತೆ. ಇನ್ನು ಹಿತ್ತಲಿನಲ್ಲಿ ಹಾದುಹೋಗುವ ಕೇರೆಹಾವನ್ನು ಹಿಡಿಯಬೇಕಾದ ಅಗತ್ಯವೇ ಇಲ್ಲ. ವಿಷವಿಲ್ಲದ ಅದು ನಮಗಾಗಿ ಇಲಿ ಹಿಡಿಯುವ ಸಂಬಳವಿಲ್ಲದ ಕಾವಲುಗಾರ.

ಅಟ್ಟದ ಮರಬೆಕ್ಕಿನದು ಬೇರೆ ಬಗೆ. ರಾತ್ರಿ ಸೂರಿನ ಮೇಲೆ ಯಾರೋ ನಡೆದಾಡಿದಂತೆ ಸದ್ದಾದರೆ ನಮ್ಮ ಅಜ್ಜಿಯರು ಅದಕ್ಕೆ ಬೇರೆಯೇ ಅರ್ಥ ಹೇಳುತ್ತಿದ್ದರು. ಬಹುಮಟ್ಟಿಗೆ ಅದು ಹಣ್ಣನ್ನೂ ಇಲಿಯನ್ನೂ ತಿಂದು ಬದುಕುವ ಈ ಸಂಕೋಚದ ಪ್ರಾಣಿ. ಹಗಲು ಮಲಗಿ ಇರುಳು ಹೊರಗೆ ಹೋಗುವ ಅದನ್ನು ಹಿಡಿಯಬೇಕಾದುದಿಲ್ಲ. ಕತ್ತಲಾದ ಮೇಲೆ ಅದು ಹೊರಟುಹೋದುದನ್ನು ಖಚಿತಪಡಿಸಿಕೊಂಡು ದಾರಿಯನ್ನು ಮುಚ್ಚಿ, ಸೂರಿಗೆ ತಾಗುವ ಮರದ ಕೊಂಬೆಯನ್ನು ಸವರಿದರೆ ಸಾಕು. ಆದರೆ ಮೊದಲು ಒಳಗೆ ಮರಿಗಳಿವೆಯೇ ಎಂದು ನೋಡಬೇಕು. ಮರಿಗಳಿದ್ದಾಗ ದಾರಿ ಮುಚ್ಚಿದರೆ ತಾಯಿ ಹೊರಗೆ, ಮರಿಗಳು ಒಳಗೆ. ಹೊರಗಿನದು ಗೋಡೆಯನ್ನು ಪರಚುತ್ತದೆ. ಒಳಗಿನವು ಹಸಿದು ಸಾಯುತ್ತವೆ. ಬಾವಲಿಗಳ ವಿಷಯದಲ್ಲಿಯೂ ಇದೇ ನಿಯಮ. ಅವು ಹೊರಬೀಳುವ ಸಂದಿಗೆ ಹೊರಗಡೆ ಒಂದು ಬಲೆಯನ್ನು ಮೇಲಷ್ಟೇ ಬಿಗಿದು, ಕೆಳಗೆ ಸಡಿಲವಾಗಿ ಇಳಿಬಿಟ್ಟರೆ ಹೋಗುವುದಕ್ಕೆ ದಾರಿಯುಂಟು, ಮರಳಿ ಬರುವುದಕ್ಕಿಲ್ಲ. ಮರಿಗಳು ಹಾರಲು ಕಲಿಯುವವರೆಗೆ ಈ ಉಪಾಯವನ್ನು ಮುಂದಕ್ಕೆ ಹಾಕಬೇಕು. ಕೆಲವು ವಾರಗಳ ತಾಳ್ಮೆಯಷ್ಟೇ ಇಲ್ಲಿ ನಾವು ತೆರಬೇಕಾದ ಬೆಲೆ.

ತಾಳ್ಮೆ ಇನ್ನೂ ಹೆಚ್ಚಾಗಿ ಬೇಕಾಗುವುದು ಹೆಜ್ಜೇನಿಗೆ. ಅದು ವಲಸೆಯ ಹುಳು. ಹೂವಿನ ಕಾಲಕ್ಕೆ ಬರುತ್ತದೆ, ಕಾಲ ಮುಗಿದೊಡನೆ ತಾನಾಗಿಯೇ ಎದ್ದುಹೋಗುತ್ತದೆ. ತಿಂಗಳುಗಟ್ಟಲೆ ಎಲ್ಲಿಯೋ ಇದ್ದು, ಮತ್ತೆ ಅದೇ ಸಂಸಾರ ಅದೇ ಮರಕ್ಕೋ ಕಟ್ಟಡಕ್ಕೋ ಹಿಂದಿರುಗುವುದುಂಟೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಕಲ್ಲೆಸೆಯದೆ, ಹೊಗೆಯಿಡದೆ, ಗೂಡಿನ ಬಳಿಯ ಕಿಟಕಿಯನ್ನು ಮುಚ್ಚಿ, ರಾತ್ರಿ ಅಲ್ಲಿಯ ದೀಪವನ್ನು ಆರಿಸಿದರೆ ಬಹುಪಾಲು ಮನೆಗಳು ಈ ಅತಿಥಿಯೊಡನೆ ಹೂವಿನ ಕಾಲವನ್ನು ಕಳೆಯಬಹುದು. ಶಾಲೆ, ಆಸ್ಪತ್ರೆಗಳಂತಹ ಕಡೆ ತೆಗೆಸಲೇಬೇಕಾದರೆ ಜೇನನ್ನು ಬಲ್ಲವರಿಂದ ತೆಗೆಸಬೇಕು. ವಿಷ ಸಿಂಪಡಿಸಿ ಸಾವಿರಾರು ಹುಳುಗಳನ್ನು ಬುಟ್ಟಿಯಲ್ಲಿ ತುಂಬಿ ಎಸೆಯುವವರು ಸುತ್ತಲಿನ ತೋಟಗಳ ಪರಾಗಸ್ಪರ್ಶವನ್ನೂ ಅದೇ ಬುಟ್ಟಿಯಲ್ಲಿ ಎಸೆಯುತ್ತಾರೆ.

ಇಲಿಯ ಮಾತಿಗೆ ಬಂದಾಗ ದಯೆಯ ಮಾತು ಹಲವರಿಗೆ ನಗೆಯನ್ನು ತರಿಸಬಹುದು. ಇಲಿಯಿಂದ ರೋಗ ಹರಡುತ್ತದೆ, ಧಾನ್ಯ ಹಾಳಾಗುತ್ತದೆ, ಎಲ್ಲ ದಾರಿ ಮುಚ್ಚಿದ ಮೇಲೂ ಕೊಲ್ಲಬೇಕಾದ ಸಂದರ್ಭ ಬರಬಹುದು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೊಲ್ಲುವುದಕ್ಕೂ ಹಿಂಸಿಸುವುದಕ್ಕೂ ಅಂತರವಿದೆ. ಅಂಟಿನ ಹಲಗೆಗೆ ಸಿಕ್ಕಿದ ಇಲಿ ತನ್ನ ಚರ್ಮವನ್ನು ತಾನೇ ಕಿತ್ತುಕೊಳ್ಳುತ್ತ ಗಂಟೆಗಟ್ಟಲೆ ಒದ್ದಾಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣ ತಿಂದ ಇಲಿ ಸಾಯಲು ದಿನಗಳು ಬೇಕು. ಅಷ್ಟರಲ್ಲಿ ತೂಕಡಿಸುತ್ತಾ ಬಯಲಿಗೆ ಬಂದ ಅದನ್ನು ಗೂಬೆಯೋ ಬೆಕ್ಕೋ ತಿಂದರೆ ಆ ವಿಷ ಅವಕ್ಕೂ ದಾಟುತ್ತದೆ. ರಾತ್ರಿಯಿಡೀ ಇಲಿ ಹಿಡಿಯುವ ಕಣಜಗೂಬೆಯನ್ನು ಕೊಂದು ಇಲಿಯನ್ನು ಹೇಗೆ ಗೆಲ್ಲಲಾದೀತು? ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟವನ ಗಾದೆ ನಮಗೆ ಹೊಸದಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಕೋತಿಯದು. 2021ರ ಜುಲೈ ತಿಂಗಳ ಕೊನೆಯಲ್ಲಿ ಹಾಸನ ಜಿಲ್ಲೆಯ ಚೌಡನಹಳ್ಳಿಯ ಬಳಿ, ರಸ್ತೆಯ ಬದಿಯಲ್ಲಿ ಬಿದ್ದಿದ್ದ ಗೋಣಿಚೀಲಗಳಲ್ಲಿ 38 ಕೋತಿಗಳ ಶವಗಳು ಸಿಕ್ಕಿದುವು. ರಾಜ್ಯದ ಉಚ್ಚ ನ್ಯಾಯಾಲಯ ತಾನಾಗಿಯೇ ಆ ಪ್ರಕರಣವನ್ನು ಕೈಗೆತ್ತಿಕೊಂಡಿತು. ಸುದ್ದಿ ಓದಿ ನಾವು ಪಟ್ಟಣಿಗರು ಮರುಗಿದೆವು. ಮರುಗಿದ್ದು ಸರಿಯೇ. ಆದರೆ ಬೆಳೆದ ಕಾಯಿ, ಹಣ್ಣು, ತರಕಾರಿ ಒಂದು ಹಗಲಿನಲ್ಲಿ ನೆಲಕ್ಕುರುಳಿದ್ದನ್ನು ನೋಡಿ ತಲೆಯ ಮೇಲೆ ಕೈಹೊತ್ತು ಕುಳಿತ ರೈತನಿಗೆ ನಮ್ಮ ಮರುಕದಿಂದ ಆದುದೇನು? ಪ್ರಾಣಿದಯೆಯ ಖರ್ಚನ್ನೆಲ್ಲ ಬಡವನ ಲೆಕ್ಕಕ್ಕೆ ಬರೆದು, ಪುಣ್ಯವನ್ನು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವಲ್ಲ.

ಕೋತಿಗಳು ಮಿತಿಮೀರಿ ಬೆಳೆದಿವೆ ಎಂಬುದು ಸಾಮಾನ್ಯವಾದ ನಂಬಿಕೆ. ಸಂಗತಿ ಬೇರೆಯಿದೆ. ನಮ್ಮ ಬಾಲದ ಕೋತಿ, ತಲೆಯ ಮೇಲೆ ಟೋಪಿಯಂತೆ ಕೂದಲು ಹರಡಿಕೊಂಡ ಈ ಜಾತಿ, ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಅದರ ಸಂಖ್ಯೆ ಸುಮಾರು 25 ವರ್ಷಗಳಲ್ಲಿ ಶೇಕಡಾ 65ಕ್ಕೂ ಮಿಕ್ಕಿ ಕುಸಿದಿದೆ ಎಂದು, ಮೊದಲು ಎಣಿಸಿದ್ದ ನೆಲೆಗಳನ್ನೇ ಮತ್ತೆ ಎಣಿಸಿದ ಸಂಶೋಧಕರು 2017ರಲ್ಲಿ ತಿಳಿಸಿದರು. ಕುಸಿತಕ್ಕೆ ಒಂದು ಕಾರಣ ನಮಗೆಲ್ಲ ಕಂಡದ್ದೇ: ರಸ್ತೆಯ ಬದಿಯ ಆಲ, ಅತ್ತಿ, ಅರಳಿಯ ಸಾಲುಮರಗಳು ಹೋದುವು. ಆ ಮರಗಳೇ ಅವುಗಳ ಮನೆ, ಅವೇ ಅಡುಗೆಮನೆ. ಮರ ಕಳೆದುಕೊಂಡ ಕೋತಿ ನಮ್ಮ ಮಾಳಿಗೆಗೆ ಬಂದು ಕುಳಿತಾಗ ಕಣ್ಣಿಗೆ ಹೆಚ್ಚಿದಂತೆ ಕಾಣುತ್ತದೆ. ಅದು ಹೆಚ್ಚಿದ್ದಲ್ಲ, ಹತ್ತಿರ ಬಂದದ್ದು.

ಹತ್ತಿರ ಬಂದದ್ದಕ್ಕೆ ನಾವು ಎರಡು ಬಗೆಯಲ್ಲಿ ಅನ್ನವಿಡುತ್ತೇವೆ: ಭಕ್ತಿಯಿಂದ ಬಾಳೆಹಣ್ಣು, ಅಜಾಗರೂಕತೆಯಿಂದ ಕಸ. ದೇವಸ್ಥಾನದ ಮೆಟ್ಟಿಲಿನಲ್ಲಿ, ಘಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿ ಹಣ್ಣು ಹಂಚುವವರು ಸಂಜೆಯ ಹೊತ್ತಿಗೆ ತಮ್ಮ ಊರು ಸೇರುತ್ತಾರೆ. ಮನುಷ್ಯನ ಕೈಯಿಂದ ಕಿತ್ತುಕೊಳ್ಳಲು ಕಲಿತ ಕೋತಿ ಅಲ್ಲಿಯೇ ಉಳಿಯುತ್ತದೆ. ಮಾರನೆಯ ದಿನ ಶಾಲೆಗೆ ಹೊರಟ ಮಗುವಿನ ಕೈಚೀಲಕ್ಕೆ ಬಾಯಿ ಹಾಕುತ್ತದೆ. ಆಮೇಲೆ ಬೋನು ಬರುತ್ತದೆ. ಹಣ್ಣು ಕೊಟ್ಟವರಿಗೆ ಪುಣ್ಯ, ಬೋನಿನ ಪಾಲಾದದ್ದಕ್ಕೆ ಶಿಕ್ಷೆ. ಹಿಡಿದು ದೂರ ಸಾಗಿಸುವ ಪ್ರಯೋಗ ದಿಲ್ಲಿಯಲ್ಲಿ 2007ರ ನ್ಯಾಯಾಲಯದ ಆಜ್ಞೆಯ ಮೇರೆಗೆ ದೊಡ್ಡದಾಗಿಯೇ ನಡೆಯಿತು. ಊರಿನ ಕೋತಿಗಳನ್ನು ಅಸೋಲಾ ಭಟ್ಟಿ ಅಭಯಾರಣ್ಯಕ್ಕೆ ಒಯ್ದು ಬಿಟ್ಟರು. ದಿಲ್ಲಿಯ ಕೋತಿಯ ದೂರು ಆಮೇಲೂ ನಿಲ್ಲಲಿಲ್ಲ. ಕಸ ಮುಚ್ಚಿಡುವುದು, ಕಿಟಕಿಗೆ ಗಟ್ಟಿ ಜಾಲರಿ, ನೀರಿನ ತೊಟ್ಟಿಗೆ ಭದ್ರವಾದ ಮುಚ್ಚಳ, ಇಡೀ ಬೀದಿ ಒಂದಾಗಿ ಕೈತುತ್ತು ನಿಲ್ಲಿಸುವುದು, ಕಡಿದ ಸಾಲುಮರಕ್ಕೆ ಬದಲು ಅತ್ತಿ ಆಲಗಳನ್ನೇ ನೆಡುವುದು, ಬೆಳೆ ಕಳೆದುಕೊಂಡವನಿಗೆ ಹೊತ್ತಿಗೆ ಸರಿಯಾಗಿ ಪರಿಹಾರ ಸಿಗುವಂತೆ ನೋಡಿಕೊಳ್ಳುವುದು: ಇವು ನಿಧಾನದ ಕೆಲಸಗಳು. ಒಂದು ಮನೆಯವರು ಮಾಡಿ ಪಕ್ಕದವರು ಬಿಟ್ಟರೆ ಫಲವಿಲ್ಲ. ಆದರೆ ಇವನ್ನು ಬಿಟ್ಟು ಬೇರೆ ಅಡ್ಡದಾರಿ ಇದ್ದಂತೆ ನನಗೆ ಕಾಣುವುದಿಲ್ಲ.

ಕಾನೂನಿನ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ ಎಂಬ ಮಾತಿಗೆ ಕೊಲ್ಲುವುದೆಂದಷ್ಟೇ ಅರ್ಥವಿಲ್ಲ; ರಕ್ಷಿತ ಪ್ರಾಣಿಯನ್ನು ಹಿಡಿಯುವುದು, ಬಲೆ ಒಡ್ಡುವುದು, ವಿಷವಿಡುವುದು ಎಲ್ಲವೂ ಅದರೊಳಗೆ ಸೇರಿವೆ. ಪ್ರಾಣಕ್ಕೆ ಅಪಾಯ ಬಂದಾಗ ಆತ್ಮರಕ್ಷಣೆಗೆ ಅವಕಾಶವಿದೆ. ಮೊದಲು ಇಲಿ, ಕಾಗೆ, ಹಣ್ಣುಬಾವಲಿಗಳನ್ನು ಉಪದ್ರವ ಜೀವಿಗಳೆಂದು ಹೆಸರಿಸುವ ಒಂದು ಪಟ್ಟಿಯೇ ಆ ಕಾಯಿದೆಯಲ್ಲಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನು ತೆಗೆದುಹಾಕಿದರು. ಯಾವುದಾದರೂ ಪ್ರಾಣಿಯನ್ನು ನಿರ್ದಿಷ್ಟ ಪ್ರದೇಶಕ್ಕೆ, ನಿರ್ದಿಷ್ಟ ಕಾಲಕ್ಕೆ ಹಾಗೆಂದು ಸಾರುವ ಅಧಿಕಾರವನ್ನು ಮಾತ್ರ ಕೇಂದ್ರ ಸರಕಾರ ಉಳಿಸಿಕೊಂಡಿದೆ. ಹುಟ್ಟಿನಿಂದಲೇ ಉಪದ್ರವಿಯಾದ ಜೀವಿ ಯಾವುದೂ ಇಲ್ಲ, ಸ್ಥಳ ಕಾಲಗಳು ಅದನ್ನು ಹಾಗೆ ಮಾಡುತ್ತವೆ ಎಂಬ ಅರ್ಥವನ್ನು ಈ ಬದಲಾವಣೆಯಲ್ಲಿ ನಾನು ಓದಿಕೊಳ್ಳುತ್ತೇನೆ.

ಆ ಸ್ಥಳ ನಮ್ಮ ಮನೆ. ಆ ಕಾಲ ನಮ್ಮ ಕಾಲ. ದಯೆ ಎಂದರೆ ಹಾವಿಗೆ ಹಾಲೆರೆಯುವುದಲ್ಲ, ಕೋತಿಗೆ ಹಣ್ಣು ಎಸೆಯುವುದಲ್ಲ, ಗೋಣಿಚೀಲದಲ್ಲಿ ಕಟ್ಟಿ ಕಾಡಿನ ಅಂಚಿನಲ್ಲಿ ಕೊಡವಿಬಿಡುವುದೂ ಅಲ್ಲ. ಒಂದು ಜೀವ ನಮ್ಮ ಹೊಸ್ತಿಲಿಗೆ ಬಂದು ಸಾಯಬೇಕಾದ ಅಥವಾ ನಮ್ಮನ್ನು ಸಾಯಿಸಬೇಕಾದ ಪ್ರಸಂಗವೇ ಒದಗದಂತೆ ಮೊದಲೇ ಎಚ್ಚರ ವಹಿಸುವುದು ದಯೆ. ಅದರಲ್ಲಿ ಕಣ್ಣೀರಿಗಿಂತ ಹೆಚ್ಚಾಗಿ ಬೇಕಾಗುವುದು ಕಸಬರಿಗೆ, ಜಾಲರಿ, ಡಬ್ಬದ ಮುಚ್ಚಳ, ಒಂದಿಷ್ಟು ತಾಳ್ಮೆ. ಅವು ಎಲ್ಲರ ಮನೆಯಲ್ಲಿಯೂ ದೊರೆಯುವಂಥವೇ.